ಗಂಡನ ಮಣ್ಣು ಹಂಚಿಕೊಟ್ಟ ಮದಲಮ್ಮ

ಹಾರೋಹಳ್ಳಿ ಫ್ಯಾಕ್ಟರಿಗಳ ಹಿಂದಿನ ಕಾಲೋನಿಯಲ್ಲಿ ಮದಲಮ್ಮನ ಮನೆ ಯಾವುದು ಅಂತ ಯಾರನ್ನು ಕೇಳಿದರೂ ತೋರಿಸುತ್ತಾರೆ. ಇದು ಅವಳ ಊರಲ್ಲ. ಅವಳ ಊರು ಅಣೆಕಟ್ಟೆ ನೀರಿನಲ್ಲಿ ಮುಳುಗಿ ಹೋಯಿತು. ಊರು ಬಿಡುವ ದಿನ ಮಿಕ್ಕವರು ಬಾಗಿಲು, ತೊಲೆ, ಹಂಚು ಕಿತ್ತು ಗಾಡಿಗೆ ಹೇರಿದರು. ಮದಲಮ್ಮ ಗಂಡನ ಸಮಾಧಿ ಮಣ್ಣನ್ನು ಮಡಕೆಗೆ ತುಂಬಿ ಸೊಂಟದ ಮೇಲಿಟ್ಟುಕೊಂಡಳು.

“ಮಡಕೇಲಿ ಏನಮ್ಮೋ, ರಾಗಿನಾ?” ಅಂದರೆ, “ನನ್ ಗಂಡ” ಅಂದಳು.

ಆ ಮಣ್ಣನ್ನು ಇಲ್ಲಿಯ ಸಮಾಧಿ ತೋಟದಲ್ಲಿ ಸುರಿದು ದಿಣ್ಣೆ ಮಾಡಿದಳು. ಸತ್ತವರನ್ನು ನೆನೆಯೋ ನವೆಂಬರಿನ ಹಬ್ಬಕ್ಕೆ ಅಂಚಿನ ಕಲ್ಲಿಗೆ ಸುಣ್ಣ, ಮೇಲೆ ಚೆಂಡುಹೂವು, ಮೇಣದಬತ್ತಿ. ಯಾವ ವರ್ಷವೂ ತಪ್ಪಿಸಿದ್ದಿಲ್ಲ. ಕೋಳಿ ಕೆದಕಿದರೂ ಕಲ್ಲು ತೂರುತ್ತಿದ್ದಳು.

ಅವಳ ಹಿತ್ತಲ ಕೋಣೆಗೆ ಬಾಡಿಗೆಗೆ ಬಂದವಳು ಕಿಮ್, ಮಣಿಪುರದ ಹುಡುಗಿ, ಗಾರ್ಮೆಂಟ್ಸ್ ಕೆಲಸದವಳು. ಅಲ್ಲಿನ ಗಲಾಟೆಯಲ್ಲಿ ಇವರ ಮನೆ ಸುಟ್ಟುಹೋಯಿತು. ಅಪ್ಪ ನಿರಾಶ್ರಿತರ ಶಿಬಿರದಲ್ಲೇ ತೀರಿಕೊಂಡ. ದಾರಿ ಬಂದ್ ಆಗಿತ್ತು, ಹುಡುಗಿ ಹೋಗೋಕಾಗಲಿಲ್ಲ. ಮಣ್ಣು ಮಾಡಿದ್ದನ್ನು ಫೋನಿನಲ್ಲಿ ನೋಡಿದಳು. ಆಮೇಲೆ ಚರ್ಚಿಗೆ ಹೋಗೋದನ್ನೂ ಬಿಟ್ಟಳು.

“ಅಪ್ಪಂಗೆ ನಾನು ಮಣ್ಣು ಹಾಕಿಲ್ಲ ಅಜ್ಜಿ,” ಅನ್ನೋದೊಂದೇ ಮಾತು. ತಟ್ಟೆಯ ಮುದ್ದೆ ಆರಿ ಗಟ್ಟಿಯಾಗುತ್ತಿತ್ತು.

ಹಬ್ಬದ ದಿನ ಮದಲಮ್ಮ, “ನೀನೂ ಕ್ರಿಸ್ತನೋಳೆ, ನಾನೂ ಕ್ರಿಸ್ತನೋಳೆ. ನಡಿ ಮಗಾ,” ಅಂತ ಕೈ ಹಿಡಿದು ಕರೆದೊಯ್ದಳು. ಗಂಡನ ದಿಣ್ಣೆ ಮುಂದೆ ನಿಲ್ಲಿಸಿ ಮೇಣದಬತ್ತಿ ಕೊಟ್ಟಳು. ಹುಡುಗಿ ಕೈ ಹಿಂದಕ್ಕೆ ಕಟ್ಟಿಕೊಂಡಳು.

“ನಮ್ಮ ಸಭೇಲಿ ಸತ್ತೋರಿಗೆ ಬತ್ತಿ ಹಚ್ಚಲ್ಲ ಅಜ್ಜಿ. ಅಪ್ಪಂಗೂ ಇಷ್ಟ ಇರ್ಲಿಲ್ಲ.”

ಪಕ್ಕದಲ್ಲೇ ಇದ್ದ ಚರ್ಚಿನ ಉಪದೇಶಿ ಇನ್ನಾಸಪ್ಪ ನಕ್ಕ. “ಅವ್ರು ಬ್ಯಾಪ್ಟಿಸ್ಟು ಕಣಮ್ಮೋ, ನಮ್ಮಂಗೆ ಕ್ಯಾಥೊಲಿಕ್ ಅಲ್ಲ. ನೀನು ಕೇಳ್ದಲೇ ಕರ್ಕೊಂಡ್ ಬಂದ್ಬುಟ್ಟೆ.”

“ನೀನ್ ಸುಮ್ನಿರಪ್ಪ. ಕೂಸು ಯೇಸಪ್ಪನ್ನ ಎತ್ಕೊಂಡು ಅವರಪ್ಪ ಅವ್ವ ರಾಜಂಗೆ ಹೆದ್ರಿ ಐಗುಪ್ತ ದೇಶಕ್ಕೆ ಓಡೋದಾಗ ಯಾವ ಸಭೆ ಅಂತ ಯಾರಾದ್ರೂ ಕೇಳಿದ್ರಾ?”

ಬಾಯಲ್ಲಿ ಹಂಗಂದರೂ ಮದಲಮ್ಮನ ಮುಖ ಸಣ್ಣಗಾಯಿತು. ಕರೆತಂದು ಹುಡುಗಿಯನ್ನು ಇನ್ನಷ್ಟು ನೋಯಿಸಿದೆನಲ್ಲ ಅನ್ನಿಸಿತು. ಬತ್ತಿಯನ್ನು ಸೆರಗಿನ ಗಂಟಿಗೆ ಸೇರಿಸಿದಳು.

“ಬತ್ತಿ ಬ್ಯಾಡ ಬುಡು. ಮಣ್ಣು ಹಾಕ್ತಾರಾ ನಿಮ್ಮಲ್ಲಿ?”

“ಹಾಕ್ತಾರೆ.”

ಮದಲಮ್ಮ ಮಂಡಿಯೂರಿ, ಯಾರಿಗೂ ಮುಟ್ಟಗೊಡದ ಆ ದಿಣ್ಣೆಯನ್ನು ಎರಡೂ ಕೈಯಲ್ಲಿ ಬಗೆದಳು. ಬಗೆದ ಮಣ್ಣನ್ನು ಮಗ್ಗುಲಲ್ಲಿ ಗುಡ್ಡೆ ಹಾಕಿದಳು.

“ನನ್ ಗಂಡ ಒಸಿ ಸರ್ಕೊತಾನೆ. ಅವ್ನೂ ಇಲ್ಲಿಲ್ಲ ಕಣವ್ವ, ಅಲ್ಲೇ ನೀರಿನಡಿ ಅವ್ನೆ. ಬಂದಿರೋದು ಮಣ್ಣು ಮಾತ್ರ. ಹಂಗಂತ ದೇವ್ರಿಗೆ ಗೊತ್ತಾಗಲ್ವಾ, ಯಾರ್ ಎಲ್ಲವ್ರೆ ಅಂತ? ಹಾಕು, ನಿಮ್ಮಪ್ಪಂಗೆ ಹಾಕು.”

ಕಿಮ್ ಕೂತು ದಿಣ್ಣೆಯಿಂದ ಒಂದು ಹಿಡಿ ತೆಗೆದು ಗುಡ್ಡೆ ಮೇಲೆ ಹಾಕಿದಳು, ಇನ್ನೊಂದು ಹಾಕಿದಳು. ತನ್ನ ಭಾಷೆಯಲ್ಲಿ ಏನೋ ಹಾಡು ಎತ್ತಿಕೊಂಡಳು. ನಡುವೆ ಅಳು ಬಂತು. ಅಪ್ಪ ಹೋದಮೇಲೆ ಅತ್ತದ್ದು ಅವತ್ತೇ. ಇನ್ನಾಸಪ್ಪ ತಲೆ ಮೇಲಿನ ಟವೆಲ್ ತೆಗೆದು ಕೈಯಲ್ಲಿ ಹಿಡಿದುಕೊಂಡ.

ಮುಂದಿನ ಭಾನುವಾರದಿಂದ ಹುಡುಗಿ ತನ್ನ ಚರ್ಚಿಗೆ ಹೊರಟಳು. ಮುದ್ದೆಯನ್ನು ಈಗಲೂ ಅಗಿದೇ ತಿನ್ನುತ್ತಾಳೆ, ನುಂಗೋಕೆ ಬರಲ್ಲ.

ಈಗ ಹಬ್ಬಕ್ಕೆ ಎರಡು ದಿಣ್ಣೆಗೂ ಸುಣ್ಣ, ಹೂವು. ಬತ್ತಿ ಒಂದಕ್ಕೇ.

“ನಿಮ್ಮಪ್ಪಂಗೂ ಒಂದು ಹಚ್ಲಾ?” ಅಂತ ಮದಲಮ್ಮ ಕೇಳುತ್ತಾಳೆ.

“ಬೇಡ ಅಜ್ಜಿ.”

“ಸರಿ ಬುಡು. ಇಲ್ಲಿ ಹಚ್ಚಿದ್ರೆ ಬೆಳಕು ಅಲ್ಲಿಗೂ ಬೀಳ್ತದೆ.”