ಮೂರನೆಯ ಸಾಲಿನ ಜಾಗ

ನಾನು ಪಾಠ ಮಾಡುವ ವಿಶ್ವವಿದ್ಯಾಲಯದ ಆಡಳಿತ ಕಟ್ಟಡದಲ್ಲಿ ಲಿಫ್ಟಿನ ಪಕ್ಕಕ್ಕೆ ಒಂದು ಗಾಜಿನ ಕಪಾಟಿದೆ. ಅದರೊಳಗೆ ನಮ್ಮ ಮಾರ್ಚಿಂಗ್ ಬ್ಯಾಂಡ್ ಗೆದ್ದು ತಂದ ಫಲಕ, ಫಲಕದ ಹಿಂದೆ ಒಂದು ದೊಡ್ಡ ಫೋಟೋ. ಫೋಟೋದಲ್ಲಿ ಮೂರನೆಯ ಸಾಲಿನಲ್ಲಿ ಎಡದಿಂದ ಎರಡನೆಯ ಹುಡುಗಿ ಟ್ರಂಪೆಟ್ಟನ್ನು ತುಟಿಗೆ ಹಚ್ಚಿಕೊಂಡಿದ್ದಾಳೆ. ಊದುತ್ತಿಲ್ಲ. ನೋಡಿದವರಿಗೆ ಅದು ತಿಳಿಯುವುದಿಲ್ಲ. ನನಗೆ ತಿಳಿಯುತ್ತದೆ, ಏಕೆಂದರೆ ಊದಬೇಡ ಎಂದು ಅವಳಿಗೆ ಹೇಳಿದವನು ನಾನೇ. ಆರು ವರ್ಷದಿಂದ ನಾನು ನಾಲ್ಕನೆಯ ಮಹಡಿಗೆ ಮೆಟ್ಟಿಲು ಹತ್ತಿಕೊಂಡೇ ಹೋಗುತ್ತೇನೆ. ಈ ವಯಸ್ಸಿನಲ್ಲೂ ಎಷ್ಟು ಶಿಸ್ತು ಎಂದು ಸಹೋದ್ಯೋಗಿಗಳು ಮೆಚ್ಚುತ್ತಾರೆ. ಮೆಚ್ಚಲಿ, ಅವರ ಗಂಟೇನು ಹೋಗುತ್ತದೆ.

ಮಲೇಷ್ಯಾದ ನಿಲಾಯ್‌ಗೆ ನಾನು ಬಂದದ್ದು ಕೆಮಿಸ್ಟ್ರಿ ಕಲಿಸಲು. ಬ್ಯಾಂಡಿನ ಉಸ್ತುವಾರಿ ಹೆಗಲಿಗೇರಿದ್ದು ನನ್ನ ಬಾಯಿಚಪಲದಿಂದ. ಒಂದು ದಿನ ಸಿಬ್ಬಂದಿಯ ಊಟದಲ್ಲಿ, ಹುಬ್ಬಳ್ಳಿಯಲ್ಲಿ ನಮ್ಮಪ್ಪ ಮದುವೆ ಬ್ಯಾಂಡಿನಲ್ಲಿ ಕ್ಲಾರಿನೆಟ್ ಊದುತ್ತಿದ್ದರು, ನನಗೂ ಸ್ವಲ್ಪ ಬರುತ್ತದೆ ಎಂದುಬಿಟ್ಟೆ. ಮರುವಾರವೇ ಪತ್ರ ಬಂತು: ಇನ್ನು ಮುಂದೆ ಬ್ಯಾಂಡಿಗೆ ನಾನೇ ಸಿಬ್ಬಂದಿ ಸಲಹೆಗಾರ. ಬಸ್ಸು ಗೊತ್ತು ಮಾಡುವುದು, ಅನುಮತಿ ಪತ್ರಗಳಿಗೆ ಸಹಿ ಹಾಕುವುದು, ಬಿಸಿಲಿಗೆ ತಲೆ ಸುತ್ತಿ ಬಿದ್ದವರನ್ನು ನೆರಳಿಗೆ ಕರೆದೊಯ್ಯುವುದು ನನ್ನ ಕೆಲಸ.

ಅಪ್ಪನ ಬ್ಯಾಂಡಿನ ಬಗ್ಗೆ ಆ ಊಟದಲ್ಲಿ ನಾನು ಹೇಳದೆ ಉಳಿಸಿಕೊಂಡ ಸಂಗತಿಯೊಂದಿತ್ತು. ಮದುವೆಯವರ ಜೊತೆ ಹನ್ನೆರಡು ಜನರ ಬ್ಯಾಂಡು ಎಂದು ಮಾತಾಗಿರುತ್ತಿತ್ತು. ಒಬ್ಬ ಬರದಿದ್ದರೆ ಅಪ್ಪ ಬೀದಿಯಲ್ಲಿ ಸಿಕ್ಕ ಯಾರಿಗಾದರೂ ಕೆಂಪು ಕೋಟು ತೊಡಿಸಿ, ಕೈಗೊಂದು ಕೆಟ್ಟುಹೋದ ತುತ್ತೂರಿ ಕೊಟ್ಟು ಸಾಲಿನಲ್ಲಿ ನಿಲ್ಲಿಸುತ್ತಿದ್ದರು. ಅವನು ಗಲ್ಲ ಉಬ್ಬಿಸಿಕೊಂಡು ನಡೆದರೆ ಆಯಿತು. "ಕೋಟ್ ತುಂಬಿದ್ರ ಸಾಕಲೇ, ತಲಿ ಎಣಸ್ತಾರ, ಸ್ವರ ಯಾರ್ ಎಣಸ್ತಾರ?" ಎನ್ನುತ್ತಿದ್ದರು. ಕಾಲೇಜಿಗೆ ಹೋಗುವ ವಯಸ್ಸಿನಲ್ಲಿ ಈ ಮಾತು ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಅಪ್ಪನಂಥ ಮನುಷ್ಯ ನಾನಾಗಬಾರದು ಎಂದು ಆಗಲೇ ತೀರ್ಮಾನಿಸಿದ್ದೆ.

ನಮ್ಮ ಬ್ಯಾಂಡಿಗೆ ಕಲಿಸುತ್ತಿದ್ದವರು ಬೇರೆಯವರು. ಸೇನೆಯ ಬ್ಯಾಂಡಿನಿಂದ ನಿವೃತ್ತರಾದ ಮಲಯ್ ಹಿರಿಯರು, ಎಲ್ಲರ ಬಾಯಲ್ಲೂ 'ಚೆಗು', ಎಂದರೆ ಮೇಷ್ಟ್ರು; ಇಲ್ಲಿನವರೆಲ್ಲರಂತೆ ಮಾತಿನ ಕೊನೆಗೊಂದು 'ಲಾ' ಸೇರಿಸುವವರು. ಹಾಸ್ಟೆಲ್ಲಿನ ಹಿಂದಿನ ಮೈದಾನದಲ್ಲಿ ಸಂಜೆ ಅಭ್ಯಾಸ. ವಿಮಾನ ನಿಲ್ದಾಣ ಹತ್ತಿರವಾದ್ದರಿಂದ ತಲೆಯ ಮೇಲೆ ವಿಮಾನಗಳು ಇಳಿಯುತ್ತಲೇ ಇರುತ್ತಿದ್ದವು. ಆ ಸದ್ದಿನಲ್ಲಿ ಏನೂ ಕೇಳಿಸದಿದ್ದರೂ ಹೆಜ್ಜೆ ತಪ್ಪಬಾರದು. ಎಂಟು ಹೆಜ್ಜೆಗೆ ಐದು ಮೀಟರು, ಒಂದು ಹೆಜ್ಜೆ ಹೆಚ್ಚಲ್ಲ, ಒಂದು ಕಡಿಮೆಯಲ್ಲ. ಮೊದಲ ವರ್ಷದವರು ಮೂರು ತಿಂಗಳು ವಾದ್ಯ ಮುಟ್ಟುವಂತಿರಲಿಲ್ಲ, ಬರೀ ನಡೆಯಬೇಕು.

ಚೆಗು ನಡೆಸಿಕೊಂಡು ಬಂದಿದ್ದ ಒಂದು ಪದ್ಧತಿಗೆ ನಾನು ಮನಸೋತಿದ್ದೆ. ಯಾರಾದರೂ ಕಾಯಿಲೆ ಬಿದ್ದರೆ, ಊರಿಗೆ ಹೋದರೆ, ಸಾಲಿನಲ್ಲಿ ಅವರ ಜಾಗವನ್ನು ಯಾರೂ ತುಂಬುವಂತಿಲ್ಲ. ಅಭ್ಯಾಸ ಶುರುವಾಗುವ ಮೊದಲು ಅವರ ನೀರಿನ ಬಾಟಲಿಯನ್ನು ಅವರ ಜಾಗದಲ್ಲಿ ಇಡುತ್ತಾರೆ. ಸಾಲು ಹೊರಟ ಮೇಲೆ ಎಡಬಲದ ಇಬ್ಬರು ನಡುವೆ ಒಬ್ಬರು ಇದ್ದಾರೆ ಎನ್ನುವಷ್ಟೇ ಅಂತರ ಬಿಟ್ಟು, ಆ ಖಾಲಿ ಜಾಗವನ್ನೂ ಹೊತ್ತುಕೊಂಡು ನಡೆಯಬೇಕು, ತಿರುಗಬೇಕು, ನಿಲ್ಲಬೇಕು. ಹೋದವರು ಮರಳಿದ ದಿನ ಚಪ್ಪಾಳೆ ಇಲ್ಲ, ಸ್ವಾಗತ ಇಲ್ಲ. ಅವರು ಬಂದು ಬಾಟಲಿ ಎತ್ತಿಕೊಂಡು ತಮ್ಮ ಜಾಗದಲ್ಲಿ ನಿಲ್ಲುತ್ತಾರೆ, ಡ್ರಮ್ ಶುರುವಾಗುತ್ತದೆ, ಅಷ್ಟೆ. ಮೊದಲ ಸಲ ನೋಡಿದ ದಿನ ಮನೆಗೆ ಬಂದು ಹೆಂಡತಿಗೆ, ಮಗಳಿಗೆ ಇದನ್ನೇ ದೊಡ್ಡ ಭಾಷಣದಂತೆ ಹೇಳಿದ್ದೆ. ಮಗಳು ಕಣ್ಣರಳಿಸಿ ಕೇಳಿದ್ದಳು.

ಅವಳು ಅದೇ ವಿಶ್ವವಿದ್ಯಾಲಯ ಸೇರಿ, ಅದೇ ಬ್ಯಾಂಡು ಸೇರಿ, ಟ್ರಂಪೆಟ್ ಹಿಡಿದಳು. ಒಬ್ಬಳೇ ಮಗಳು. ಇಲ್ಲೇ ಬೆಳೆದ ಮಕ್ಕಳಂತೆ ಕನ್ನಡ ಎಲ್ಲ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಮೂರನೆಯ ಸಾಲು, ಎಡದಿಂದ ಎರಡನೆಯ ಜಾಗ. ಅಂದಿನಿಂದ ನಾನು ಮೈದಾನದಲ್ಲಿ ಅವಳ ಕಡೆ ನೋಡುವುದನ್ನೇ ಬಿಟ್ಟೆ. ಸ್ಟಾಫ್ ಮಗಳು, ಅಪ್ಪನ ಕೃಪೆಯಿಂದ ಸೇರಿದ್ದಾಳೆ ಎಂದು ಯಾರಾದರೂ ಅಂದಾರು ಎಂಬ ಅಳುಕು. ನಿಜಕ್ಕೂ ಯಾರೂ ಹಾಗೆ ಅಂದಿರಲಿಲ್ಲ. ಈ ದೇಶದಲ್ಲಿ ದುಡಿಯಲು ಎರಡು ವರ್ಷಕ್ಕೊಮ್ಮೆ ಕೆಲಸದ ಪಾಸು ನವೀಕರಣವಾಗಬೇಕಾದ ನನ್ನಂಥವನಿಗೆ ಯಾರೂ ಆಡದ ಮಾತೇ ಜೋರಾಗಿ ಕೇಳಿಸುತ್ತದೆ.

ಅವಳ ಎರಡನೆಯ ವರ್ಷದಲ್ಲಿ ಅಂತರ ಕಾಲೇಜು ಸ್ಪರ್ಧೆಗೆ ಮೂರು ವಾರ ಇರುವಾಗ ಅವಳಿಗೆ ಡೆಂಗ್ಯೂ ಬಂತು. ಒಂಬತ್ತು ದಿನ ಆಸ್ಪತ್ರೆ, ಆಮೇಲೆ ಮನೆ. ಮೈದಾನದಲ್ಲಿ ದಿನವೂ ಅವಳ ನೀಲಿ ಬಾಟಲಿ ಅವಳ ಜಾಗದಲ್ಲಿ ನಿಲ್ಲುತ್ತಿತ್ತು. ನಾನು ಅದರ ಫೋಟೋ ತೆಗೆದು ತಂದು ತೋರಿಸುತ್ತಿದ್ದೆ. ಅವಳು ಫೋನನ್ನು ಎದೆಯ ಮೇಲಿಟ್ಟುಕೊಂಡು ಮಲಗುತ್ತಿದ್ದಳು.

ಸ್ಪರ್ಧೆಯ ವಾರದ ಸೋಮವಾರ ಸಭೆ ಕರೆದರು. ವಿದ್ಯಾರ್ಥಿ ವಿಭಾಗದ ಮುಖ್ಯಸ್ಥೆ ವಿಡಿಯೋ ನೋಡಿ, ಮೂರನೆಯ ಸಾಲಿನಲ್ಲಿ ಹಲ್ಲು ಬಿದ್ದಂತೆ ಕಾಣುತ್ತದೆ, ತೀರ್ಪುಗಾರರು ಅಂಕ ಕಳೆಯುತ್ತಾರೆ ಎಂದರು. ಚೆಗು, "ಕಳೆದರೆ ಕಳೆಯಲಿ ಲಾ, ಜಾಗಕ್ಕೆ ಹುಡುಗಿ ಇದ್ದಾಳೆ, ಹುಷಾರಿಲ್ಲ ಅಷ್ಟೆ" ಎಂದರು. ಮುಖ್ಯಸ್ಥೆ ನನ್ನ ಕಡೆ ತಿರುಗಿ, "ಅದು ನಿಮ್ಮ ಮಗಳ ಜಾಗ ಅಲ್ಲವೇ?" ಎಂದರು. ಇಷ್ಟೇ ಕೇಳಿದ್ದು. ಆಕೆಯ ದನಿಯಲ್ಲಿ ಕೊಂಕಿತ್ತೋ ಇಲ್ಲವೋ ನನಗೆ ಇಂದಿಗೂ ಗೊತ್ತಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ಹಾಗಾಯಿತು ನನ್ನ ಸ್ಥಿತಿ. ಯಾರೂ ಕೇಳುವ ಮೊದಲೇ, "ನನ್ನ ಮಗಳಾದ ಮಾತ್ರಕ್ಕೆ ಬ್ಯಾಂಡಿಗೆ ನಷ್ಟವಾಗಬಾರದು, ಬೇರೆಯವರನ್ನು ನಿಲ್ಲಿಸೋಣ" ಎಂದುಬಿಟ್ಟೆ. ಬೇರೆ ಯಾರದೇ ಮಗಳಾಗಿದ್ದರೂ ಮೇಜು ಗುದ್ದಿ ಜಗಳ ಆಡುತ್ತಿದ್ದೆ.

ಮುಖ್ಯಸ್ಥೆ ನನ್ನ ನಿಷ್ಪಕ್ಷಪಾತವನ್ನು ಹೊಗಳಿದರು. ನಾಚಿಕೆ ಬಿಟ್ಟು ಹೇಳುತ್ತೇನೆ, ಆ ಕ್ಷಣ ನನಗೆ ಬಹಳ ಹಿತವಾಯಿತು. ಚೆಗು ನನ್ನ ಮುಖ ನೋಡಿದರು, ಟೋಪಿ ಹಾಕಿಕೊಂಡು ಎದ್ದು ಹೋದರು.

ಆ ನಾಲ್ಕು ದಿನದಲ್ಲಿ ಯಾರಿಗೂ ಟ್ರಂಪೆಟ್ ಕಲಿಸಲು ಆಗುತ್ತಿರಲಿಲ್ಲ. ಬಾವುಟ ಹಿಡಿಯುವವರ ಗುಂಪಿನಿಂದ, ನನ್ನ ಮಗಳಷ್ಟೇ ಎತ್ತರದ ಮೊದಲ ವರ್ಷದ ಹುಡುಗಿಯೊಬ್ಬಳನ್ನು ಆರಿಸಿದೆವು. ತುಟಿಗೆ ಹಚ್ಚಿಕೊಂಡು ನಡಿ, ಗಲ್ಲ ಉಬ್ಬಿಸು, ಊದಬೇಡ ಎಂದು ನಾನೇ ಹೇಳಿಕೊಟ್ಟೆ. ಹೇಳಿಕೊಡುವಾಗ ಅಪ್ಪನ ನೆನಪು ಬರಲಿಲ್ಲ. ಬಂದದ್ದು ಆಮೇಲೆ.

ಬ್ಯಾಂಡಿನ ಮಕ್ಕಳಿಗೆಲ್ಲ, ಅವಳಿಗೆ ನೀವ್ಯಾರೂ ಮೆಸೇಜ್ ಮಾಡಬೇಡಿ, ಹುಷಾರಿಲ್ಲದವಳು, ನಾನೇ ನಿಧಾನವಾಗಿ ಹೇಳುತ್ತೇನೆ ಎಂದೆ. ಮಕ್ಕಳು ನಂಬಿದರು.

ಹೇಳಲಿಲ್ಲ. ಮಂಗಳವಾರ ಅವಳಿಗೆ ಸುಸ್ತಾಗಿತ್ತು, ನಾಳೆ ಹೇಳೋಣ ಎಂದುಕೊಂಡೆ. ಬುಧವಾರ ಅವಳು ಖುಷಿಯಾಗಿದ್ದಳು, ಖುಷಿ ಯಾಕೆ ಕೆಡಿಸಬೇಕು ಎನಿಸಿತು. ಗುರುವಾರದ ಹೊತ್ತಿಗೆ ಇನ್ನೊಂದು ಕೆಲಸ ಎದುರು ನಿಂತಿತ್ತು. ಕೋಟುಗಳು ಅಳತೆ ಕೊಟ್ಟು ಹೊಲಿಸಿದವು, ಹೆಚ್ಚಿಗೆ ಇರಲಿಲ್ಲ. ಮಗಳ ಕೋಟು ನಮ್ಮ ಮನೆಯ ಬಾಗಿಲ ಹಿಂದೆ ತೂಗುತ್ತಿತ್ತು, ನನ್ನ ಹೆಂಡತಿ ಒಗೆದು ಇಸ್ತ್ರಿ ಮಾಡಿ ಇಟ್ಟಿದ್ದಳು. ಬೆಳಿಗ್ಗೆ ಅದನ್ನು ಕವರಿಗೆ ಹಾಕುತ್ತಿದ್ದೆ. ಹೆಂಡತಿ ಮೈಸೂರಿನವಳು, ಅವಳ ಕಣ್ಣಿಗೆ ಏನೂ ತಪ್ಪುವುದಿಲ್ಲ.

"ಅವಳ ಕೋಟ್ ಎಲ್ಲಿಗ್ರೀ?"

"ಎಲ್ಲಾರದೂ ಕೂಡಿಸಿ ಬಸ್ಸಿನ್ಯಾಗ ಒಯ್ಯತಾರ" ಎಂದೆ.

ಅದು ಸುಳ್ಳೂ ಆಗಿರಲಿಲ್ಲ. ಅಂಥ ಮಾತು ಸುಳ್ಳಿಗಿಂತ ಕೀಳು.

ಶುಕ್ರವಾರ ಡಾಕ್ಟರು ಮಗಳನ್ನು ನೋಡಿ, ನಡೆಯಬಹುದು ಎಂದರು. ಸಂಜೆ ನಾನು ಮನೆಗೆ ಬಂದಾಗ ಅವಳು ನಮ್ಮ ಅಪಾರ್ಟ್‌ಮೆಂಟಿನ ಕೆಳಗೆ ಕಾರು ನಿಲ್ಲಿಸುವ ಜಾಗದಲ್ಲಿದ್ದಳು. ನೆಲದ ಬಿಳಿ ಗೆರೆಗಳ ನಡುವೆ ಹೆಜ್ಜೆ ಎಣಿಸುತ್ತ ನಡೆಯುತ್ತಿದ್ದಳು, ತಿರುಗುತ್ತಿದ್ದಳು, ಇಲ್ಲದ ಟ್ರಂಪೆಟ್ಟಿನ ಮೇಲೆ ಬೆರಳಾಡಿಸುತ್ತಿದ್ದಳು. ಕಾಯಿಲೆಯಿಂದ ಕುತ್ತಿಗೆಯ ಎಲುಬು ಎದ್ದು ಕಾಣುತ್ತಿತ್ತು. ಕಾರಿನೊಳಗೆ ಕೂತೇ ಸ್ವಲ್ಪ ಹೊತ್ತು ನೋಡಿದೆ. ಇಳಿದು ಹೋಗಿ ಹೇಳಿದೆ:

"ನಾಳೆ ಬಿಸಲು ಭಾಳ ಇರತೈತಿ ಪುಟ್ಟಿ. ಮನ್ಯಾಗ ಇರು."

ಅವಳು ನಕ್ಕಳು. "ಡೋಂಟ್ ವರಿ ಲಾ, ಅಪ್ಪಾ. ದೇ ಕೆಪ್ಟ್ ಮೈ ಸ್ಪಾಟ್."

ಅಲ್ಲೇ ಹೇಳಬಹುದಿತ್ತು. ಅದಕ್ಕಿಂತ ಸರಿಯಾದ ಹೊತ್ತು ದೇವರೇ ಬಂದರೂ ಒದಗಿಸಿ ಕೊಡುತ್ತಿರಲಿಲ್ಲ. "ಲಗೂನ ಮಲಕೋ" ಎಂದು ಹೇಳಿ ಲಿಫ್ಟ್ ಹತ್ತಿದೆ.

ಶನಿವಾರ ನಸುಕಿನಲ್ಲೇ ನಾನು ಬ್ಯಾಂಡಿನ ಬಸ್ಸಿನಲ್ಲಿ ಹೋದೆ. ಅವಳು ಮಲಗಿರುತ್ತಾಳೆ, ತಾಯಿ ಬಿಡುವುದಿಲ್ಲ, ಮುಗಿದ ಮೇಲೆ ಹೇಳಿದರಾಯಿತು ಎಂದು ಲೆಕ್ಕ ಹಾಕಿದ್ದೆ. ಸ್ಪರ್ಧೆಯ ಮೈದಾನದ ಗೇಟಿನ ಹತ್ತಿರ ನಮ್ಮವರು ಸಾಲಾಗಿ ನಿಂತಿದ್ದರು. ತಾಯಿ ಮಗಳು ಬಾಡಿಗೆ ಕಾರಿನಿಂದ ಇಳಿದರು. ಮಗಳು ಕಪ್ಪು ಪ್ಯಾಂಟು, ಬಿಳಿ ಬನಿಯನ್, ಕನ್ನಡಿಯಂತೆ ಹೊಳೆಯುವ ಬೂಟು ಹಾಕಿದ್ದಳು. ಕೂದಲನ್ನು ಬಲೆಯಲ್ಲಿ ಬಿಗಿದಿದ್ದಳು. ಕೈಗೆ ಆಗಲೇ ಬಿಳಿ ಗವಸು ತೊಟ್ಟಿದ್ದಳು. ಕೋಟೊಂದು ಬಾಕಿ. ನೇರ ನನ್ನ ಹತ್ತಿರ ಬಂದು ಕೈ ಚಾಚಿದಳು.

"ಅಪ್ಪಾ, ವೇರ್ ಈಸ್ ಮೈ ಜ್ಯಾಕೆಟ್?"

ನಾನು ಬಾಯಿ ತೆರೆದೆ. ಅಷ್ಟರಲ್ಲಿ ಸೀಟಿ ಊದಿದರು, ಡ್ರಮ್ ಶುರುವಾಯಿತು, ಬ್ಯಾಂಡು ಹೊರಟಿತು. ಮೊದಲ ಸಾಲು ನಮ್ಮನ್ನು ದಾಟಿತು, ಎರಡನೆಯದು ದಾಟಿತು. ಮೂರನೆಯ ಸಾಲಿನಲ್ಲಿ ಅವಳ ಕೋಟು ನಮ್ಮ ಮುಂದೆಯೇ ನಡೆದುಹೋಯಿತು. ಅದರೊಳಗಿದ್ದ ಹುಡುಗಿ ಇವಳನ್ನು ಕಂಡು ತಕ್ಷಣ ಕಣ್ಣು ಕೆಳಗೆ ಹಾಕಿದಳು, ಗಲ್ಲ ಮಾತ್ರ ಉಬ್ಬಿಸಿಕೊಂಡೇ ಇದ್ದಳು. ಅವಳ ಎಡಬಲದಲ್ಲಿದ್ದ ಇಬ್ಬರು ಎರಡು ವಾರ ನನ್ನ ಮಗಳ ಜಾಗ ಹೊತ್ತು ನಡೆದ ಮಕ್ಕಳು, ಒಬ್ಬಳು ಅಳುತ್ತಿದ್ದಳು. ಅಳುತ್ತಲೇ ಊದುತ್ತಿದ್ದಳು.

"ಶೀ ಈಸ್ ನಾಟ್ ಈವನ್ ಪ್ಲೇಯಿಂಗ್" ಎಂದಳು ಮಗಳು. ಸಿಟ್ಟಿಲ್ಲ, ಆಶ್ಚರ್ಯ ಅಷ್ಟೆ. ಆಮೇಲೆ ನನ್ನ ಕಡೆ ತಿರುಗಿ, "ಯೂ ಟೋಲ್ಡ್ ಹರ್?" ಎಂದು ಕೇಳಿದಳು.

ನಾನು ಹೌದೆಂದು ತಲೆಯಾಡಿಸಿದೆ.

"ಇಟ್ಸ್ ಫೈನ್, ಅಪ್ಪಾ." ಒಂದೊಂದೇ ಬೆರಳು ಬಿಡಿಸಿಕೊಂಡು ಗವಸು ತೆಗೆದಳು, ಮಡಚಿ ಜೇಬಿಗೆ ಹಾಕಿಕೊಂಡಳು. ಬ್ಯಾಂಡು ಮುಗಿಯುವವರೆಗೂ ಬಿಸಿಲಲ್ಲೇ ನೇರವಾಗಿ ನಿಂತು ನೋಡಿದಳು.

ನಾವು ಗೆದ್ದೆವು. ಗೆದ್ದ ಅಂತರ ಎಷ್ಟಿತ್ತೆಂದರೆ ಜಾಗ ಖಾಲಿ ಇದ್ದರೂ ಗೆಲ್ಲುತ್ತಿದ್ದೆವು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತಾರೆ. ನನಗೆ ಆನೆಯ ಬದಲು ಮರದ ಫಲಕ ಕೊಟ್ಟರು. ಅಂದು ಸಂಜೆ ಹೆಂಡತಿ ಅಡುಗೆಮನೆಯಿಂದಲೇ ಹೇಳಿದಳು: "ಬೇರೆಯವ್ರ ಮಗ್ಳಾಗಿದ್ರೆ ಜಾಗ ಕಾಯ್ತಿದ್ರಿ ಅಲ್ವಾ? ನಮ್ಮವಳು ಅಂತ ತಾನೇ ಕೊಟ್ಬಿಟ್ರಿ?"

ಮಗಳು ಮತ್ತೆ ಬ್ಯಾಂಡಿಗೆ ಹೋಗಲಿಲ್ಲ. ಚೆಗು ಮಾತ್ರ ಆ ವರ್ಷವೆಲ್ಲ ಪ್ರತಿ ಸಂಜೆ ನೀಲಿ ಬಾಟಲಿಗೆ ನೀರು ತುಂಬಿಸಿ ಮೂರನೆಯ ಸಾಲಿನಲ್ಲಿ ಇಟ್ಟರು. ವರ್ಷದ ಕೊನೆಯ ಅಭ್ಯಾಸ ಮುಗಿದ ಮೇಲೆ ಅದನ್ನು ಎತ್ತಿ, ನೀರನ್ನು ಹುಲ್ಲಿಗೆ ಚೆಲ್ಲಿ, ಬಾಟಲಿಯನ್ನು ನನ್ನ ಕೈಗೆ ಕೊಟ್ಟರು. ಮನೆಗೆ ತಂದು ಚಪ್ಪಲಿ ಗೂಡಿನ ಮೇಲಿಟ್ಟೆ. ಎಲ್ಲಿತ್ತು ಎಂದು ಯಾರೂ ಕೇಳಲಿಲ್ಲ. ಮುಂದಿನ ವರ್ಷ ನಾನು ಬ್ಯಾಂಡಿನ ಉಸ್ತುವಾರಿ ಬಿಟ್ಟೆ. ನನ್ನ ಕೆಲಸದ ಪಾಸು ಅಂದಿನಿಂದ ಮೂರು ಸಲ ನವೀಕರಣವಾಗಿದೆ. ಒಮ್ಮೆಯೂ ಯಾರೂ ನನ್ನ ಮಗಳ ವಿಷಯ ಎತ್ತಿಲ್ಲ.

ಅವಳು ಈಗ ಕ್ವಾಲಾಲಂಪುರದಲ್ಲಿ ಕೆಲಸದಲ್ಲಿದ್ದಾಳೆ, ಗೆಳತಿಯರ ಜೊತೆ ಮನೆ ಮಾಡಿದ್ದಾಳೆ. ಕಾರಿನಲ್ಲಿ ಒಂದು ಗಂಟೆಯ ದಾರಿ. ಜಗಳವಿಲ್ಲ. ಹುಟ್ಟಿದ ಹಬ್ಬಕ್ಕೆ ಫೋನ್ ಮಾಡುತ್ತಾಳೆ, ನನ್ನ ಬಿಪಿ ಕೇಳುತ್ತಾಳೆ. ಜಗಳವಾದರೂ ಇದ್ದಿದ್ದರೆ ರಾಜಿ ಮಾಡಿಕೊಳ್ಳಬಹುದಿತ್ತು.

ಈ ಸಲ ದೀಪಾವಳಿಗೆ ಬರುತ್ತೇನೆ ಎಂದಿದ್ದಳು. ಅದೇ ಊರಿನ ಮಾಂಟ್ ಕಿಯಾರಾ ಬಡಾವಣೆಯಿಂದ ಮೈಸೂರಿನ ಪರಿಚಯದವರೂ ಊಟಕ್ಕೆ ಬಂದಿದ್ದರು: ಗಂಡ, ಹೆಂಡತಿ, ಮಗ, ಊರಿಂದ ಬಂದಿದ್ದ ಅಜ್ಜಿ. ನಮ್ಮ ಮೇಜಿಗೆ ಆರೇ ಕುರ್ಚಿ. ಮಗಳಿಗೆಂದು ಒಂದನ್ನು ಗೋಡೆಯ ಕಡೆ ಸರಿಸಿ, ಅದರ ಬೆನ್ನ ಮೇಲೆ ಕೈಯಿಟ್ಟುಕೊಂಡೇ ನಿಂತಿದ್ದೆ. ಹೋಳಿಗೆ ಆರುತ್ತಿತ್ತು. ಅಜ್ಜಿ ಸೋಫಾದ ಪಕ್ಕ ನಿಂತೇ ಇದ್ದರು.

"ಅಜ್ಜೀನ ಕೂರ್ಸಿ ಅಂದ್ರೆ" ಎಂದಳು ಹೆಂಡತಿ.

"ತಡಿ, ಆಕಿ ಬರತಾಳ" ಎಂದೆ.

ಫೋನ್ ಬಂತು. ಕೆಲಸ ಬಂದುಬಿಟ್ಟಿದೆ, ಬರಲಾಗುವುದಿಲ್ಲ ಎಂದು ಇಂಗ್ಲಿಷಿನಲ್ಲಿ ಹೇಳಿದಳು. ಎಷ್ಟು ತಡವಾದರೂ ಅಡ್ಡಿಯಿಲ್ಲ, ನಿನ್ನ ಕುರ್ಚಿ ಹಾಗೇ ಇಟ್ಟಿದ್ದೇನೆ ಎಂದೆ. ಆಮೇಲೆ, ಹುಟ್ಟಿದಾಗಿನಿಂದ ನನಗೆ ಇಂಗ್ಲಿಷಿನಲ್ಲೇ ಉತ್ತರ ಕೊಟ್ಟವಳು, ನನ್ನ ಹುಬ್ಬಳ್ಳಿ ಕನ್ನಡದಲ್ಲೇ, ನಿಧಾನವಾಗಿ, ನನಗೆ ಚೆನ್ನಾಗಿ ತಿಳಿಯಲಿ ಎನ್ನುವಂತೆ ಹೇಳಿದಳು:

"ನನ್ನ ಜಾಗಾ ಕಾಯಬ್ಯಾಡ ಅಪ್ಪಾ. ಯಾರರ ಕುಂಡ್ರಲಿ."

ನಾನು ಆ ಕುರ್ಚಿಯನ್ನು ಮೇಜಿಗೆ ಎಳೆದು ಅಜ್ಜಿಯನ್ನು ಕೂರಿಸಿದೆ. ಆರೂ ಕುರ್ಚಿ ತುಂಬಿದವು. ಬಂದವರ ಕಣ್ಣಿಗೆ ಏನೂ ಕಡಿಮೆ ಕಾಣಲಿಲ್ಲ.