ನಾಡಿ ಹಿಡಿಯುವ ಗುರುಶಾಂತ ಸರ್
ಬೆಳಗ್ಗೆ ಹುಮನಾಬಾದಿನಲ್ಲಿ, ಸಂಜೆ ಬಸವಕಲ್ಯಾಣದಲ್ಲಿ ಜೀವಶಾಸ್ತ್ರದ ಟ್ಯೂಷನ್ ಹೇಳುವ ಗುರುಶಾಂತ ಸರ್‌ಗೆ ಡಿಎನ್‌ಎಯ ಎ, ಟಿ, ಜಿ, ಸಿ ಎಂಬ ನಾಲ್ಕು ಘಟಕಗಳ ಲೆಕ್ಕವೆಂದರೆ ಪ್ರಾಣ. ಎ ಇಪ್ಪತ್ತು ಪರ್ಸೆಂಟ್ ಇದ್ದರೆ ಟಿಯೂ ಇಪ್ಪತ್ತು, ಉಳಿದ ಅರವತ್ತರಲ್ಲಿ ಜಿಗೂ ಸಿಗೂ ಮೂವತ್ತು ಮೂವತ್ತು. ಇದು ಅವರ ಬಸ್ಸಿನ ಕಂಡಕ್ಟರನಿಗೂ ಬಾಯಿಪಾಠವಾಗಿದೆ. ಆದರೆ ಈ ಜೋಡಿ ಲೆಕ್ಕ ನಡೆಯುವುದು ಎರಡೆಳೆಯ ಡಿಎನ್‌ಎಗೆ ಮಾತ್ರ. ಹಾಗಾಗಿ, "ಒಂದೆಳಿ ಅದನೋ ಎರಡೆಳಿ ಅದನೋ, ಮೊದಲ ನೋಡ್ರೋ!" ಎಂದು ದಿನಕ್ಕೆ ನೂರು ಸಲ ಗದರದಿದ್ದರೆ ಅವರಿಗೆ ಉಂಡ ಅನ್ನ ಅರಗುವುದಿಲ್ಲ. ಮದುವೆಗೆ ಹೋದರೆ ಮದುಮಗನ ಹಾರದ ಎಳೆಯನ್ನೂ ಎಣಿಸುತ್ತಾರೆಂದು ಹುಡುಗರು ಆಡಿಕೊಳ್ಳುತ್ತಾರೆ. ಲೆಕ್ಕ ತಪ್ಪಿದವನ ಮಣಿಕಟ್ಟು ಹಿಡಿದು, ಗಡಿಯಾರ ನೋಡುತ್ತ ಪೂರಾ ಒಂದು ನಿಮಿಷ ನಾಡಿ ಎಣಿಸಿ, "ಜೀವ ಅದ, ಅಕಲ್ ಇಲ್ಲ" ಎಂದು ಫರ್ಮಾನು ಹೊರಡಿಸುತ್ತಾರೆ. ಮೊನ್ನೆ ಘಾಟಬೋರಾಳದ ಹುಡುಗ ಅನೀಲಕುಮಾರ ಲೆಕ್ಕ ತಪ್ಪಿ, ನಾಡಿಗೆ ಕೈ ಕೊಟ್ಟುಕೊಂಡೇ ಕೇಳಿಬಿಟ್ಟ: "ಸರ್, ನೀವು ಎಂದೂ ತಪ್ಪು ಮಾಡಿಲ್ಲೇನ್ರಿ?" ಸರ್ ಇನ್ನೊಂದು ಕೈಯಿಂದ ಜೇಬಿನೊಳಗಿನ ಮಡಿಕೆ ಹರಿದ ಪ್ರಶ್ನೆಪತ್ರಿಕೆ ತೆಗೆದರು. ಇಪ್ಪತ್ತೆರಡು ವರ್ಷದ ಹಿಂದೆ ತಾವು ಬರೆದ ಮೆಡಿಕಲ್ ಪ್ರವೇಶ ಪರೀಕ್ಷೆಯದು; ಒಂದೆಳೆಯ ಪ್ರಶ್ನೆಗೆ ತಾವೇ ಗುರುತು ಹಾಕಿದ ಎರಡೆಳೆಯ ಉತ್ತರ. "ಒಂದ ಮಾರ್ಕಿನಾಗ ಸೀಟ್ ಹೋತು, ತಮ್ಮಾ. ಇಲ್ಲಂದ್ರ ನಿನ್ನ ನಾಡಿ ದವಾಖಾನ್ಯಾಗ ಹಿಡೀತಿದ್ದೆ" ಎಂದರು. ಆಮೇಲೆ ಎಣಿಕೆ ತಪ್ಪಿತೆಂದು, ಅವನ ಕೈ ಬಿಡದೆ, ಮೊದಲಿನಿಂದ ಎಣಿಸತೊಡಗಿದರು.