ಅಸಲು ಕಾಗದಕ್ಕೆ ಅರಿಶಿನ

ಮದುವೆಯಾಗಿ ನಾನು ಮಳವಳ್ಳಿಗೆ ಬಂದಾಗ ನನ್ನ ತವರು ಕೊಳ್ಳೇಗಾಲ ಮದರಾಸಿನವರ ಆಡಳಿತದಲ್ಲಿತ್ತು. ಹೊಳೆ ದಾಟಿದ್ದಷ್ಟೇ, ಕಚೇರಿಯವರ ಲೆಕ್ಕದಲ್ಲಿ ನಾನು ಹೊರಗಿನವಳಾಗಿದ್ದೆ. ಹೆಣ್ಣುಮಕ್ಕಳ ಶಾಲೆಯಲ್ಲಿ ಉಪಾಧ್ಯಾಯಿನಿಯ ಕೆಲಸ ಸಿಗಬೇಕಾದರೆ, ನಾನು ಮೈಸೂರು ಸಂಸ್ಥಾನದ ಕಾಯಂ ನಿವಾಸಿ ಎಂದು ಅಮಲ್ದಾರರು ಬರೆದುಕೊಡಬೇಕಿತ್ತು. ಅದಕ್ಕಾಗಿ ಅಸಲು ಕಾಗದಗಳನ್ನು ಹಿಡಿದು ಅವರೆದುರು ನಿಲ್ಲಬೇಕು.

ನಾನು ಓದಿದ ಶಾಲೆಯ ಸರ್ಟಿಫಿಕೇಟು, ಗಂಡನ ಮನೆಯ ಹಕ್ಕುಪತ್ರ, ನಮ್ಮ ಲಗ್ನಪತ್ರಿಕೆ ಎಲ್ಲವನ್ನೂ ಹಿಂದಿನ ದಿನವೇ ಜೋಡಿಸಿ ದೇವರ ಮುಂದಿಟ್ಟಿದ್ದೆ. ಬೆಳಿಗ್ಗೆ ನೋಡುತ್ತೇನೆ, ಮದುವೆಯ ಕರೆಯೋಲೆಗೆ ಹಚ್ಚುವಂತೆ ಅತ್ತೆ ಒಂದೊಂದರ ನಾಲ್ಕು ಮೂಲೆಗೂ ಒದ್ದೆ ಅರಿಶಿನ ಹಚ್ಚಿಟ್ಟಿದ್ದಾರೆ. ಸರ್ಟಿಫಿಕೇಟಿನ ಮೊಹರು ಅರ್ಧ ಮುಚ್ಚಿಹೋಗಿತ್ತು. ಮೈಯೆಲ್ಲ ಉರಿದು ಅತ್ತೆಯ ಮೇಲೆ ಕೂಗಾಡಿದೆ.

“ಸುಭಕಾರ್ಯಕ್ಕೆ ಓಗೋ ಕಾಗ್ದ ಬೋಳುಬೋಳಾಗಿ ಓಯ್ತದಾ?” ಎಂದು ಅತ್ತೆ ನನಗಿಂತ ಜೋರಾಗಿ ಕೇಳಿದರು. ಜಗಳವಾಡುತ್ತಲೇ ಇಬ್ಬರೂ ಕಚೇರಿ ತಲುಪಿದೆವು.

ಅಮಲ್ದಾರರು ಸರ್ಟಿಫಿಕೇಟನ್ನು ಕಿಟಕಿಯ ಬೆಳಕಿಗೆ ಹಿಡಿದು ಹೇಗೋ ಮೊಹರನ್ನು ಓದಿಕೊಂಡರು. ಆಮೇಲೆ ಅತ್ತೆಯ ಕಡೆ ತಿರುಗಿ, “ಸೊಸೆ ಕಾಯಂ ಆಗಿ ಇಲ್ಲೇ ಇರ್ತಾಳೇನಮ್ಮ?” ಎಂದರು.

“ಇಲ್ದೆ? ದಿನಾ ನನ್ ಜೊತೆ ಜಗಳ ಆಡಕೆ ಬ್ಯಾರೆ ಯಾರವ್ರೆ ಬುದ್ಧಿ?”

ಅಮಲ್ದಾರರು ನಗುತ್ತಲೇ ನಿವಾಸಿ ಪತ್ರಕ್ಕೆ ರುಜು ಹಾಕಿ ಮೊಹರು ಒತ್ತಿದರು.

ಮನೆಗೆ ಬಂದವಳೇ ಆ ಹೊಸ ಕಾಗದದ ನಾಲ್ಕು ಮೂಲೆಗೂ ನಾನೇ ಅರಿಶಿನ ಹಚ್ಚತೊಡಗಿದೆ. ಪಕ್ಕದಲ್ಲೇ ನಿಂತಿದ್ದ ಅತ್ತೆ ಗದರಿದರು: “ಮೊಹರು ಮುಚ್ಚೋಯ್ತದೆ, ನೋಡ್ಕಂಡು ಅಚ್ಚು.”